ವಿಷ್ಣುಕ್ರಾಂತಿಯ ಲಕ್ಷಣವಿಚಾರ

“ನೆಲದಮೇಲೆ ನೀಲಿಯ ಹೂವು ಕಂಡರೆ ಅದೇ ವಿಷ್ಣುಕ್ರಾಂತಿ, ವಿಷ್ಣುಕ್ರಾಂತಿಯೇ ಶಂಖಪುಷ್ಪಿ, ಅರೆದು ಹಾಲಿನಲ್ಲಿ ಕೊಟ್ಟರೆ ಮಕ್ಕಳ ಬುದ್ಧಿ ಚುರುಕಾಗುವುದು” ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುತ್ತಿರುವುದು. ಈ ವಾದದ ಒಂದು ಮೆಟ್ಟಿಲಾದರೂ ಗಟ್ಟಿಯಾಗಿಲ್ಲ.

ಮೊದಲು ಹೆಸರಿನ ವಿಚಾರ. ಅಮರಸಿಂಹನು ವಿಷ್ಣುಕ್ರಾಂತಾ ಎಂಬುದನ್ನು ಅಪರಾಜಿತೆಗೆ, ಎಂದರೆ ನಾವು ಶಂಖಪುಷ್ಪವೆನ್ನುವ ಬೇಲಿಯ ಬಳ್ಳಿಗೆ, ಪರ್ಯಾಯವಾಗಿ ಹೇಳಿರುವನು. ಕನ್ನಡನಾಡಿನ ಜನರಾದರೋ ಆ ಹೆಸರನ್ನು ನೆಲದಲ್ಲಿ ಹರಡುವ ಬೇರೊಂದು ಕಿರುಗಿಡಕ್ಕೆ ಕೊಟ್ಟಿರುವರು. ಚರಕಸಂಹಿತೆಯು ಮೇಧ್ಯವೆಂದು ಹೊಗಳಿದ ಶಂಖಪುಷ್ಪಿಯು ಕೇರಳದಲ್ಲಿ ಬೇಲಿಯ ಬಳ್ಳಿಯೆನಿಸಿದರೆ, ಭಾರತ ಸರ್ಕಾರದ ಆಯುರ್ವೇದ ಔಷಧಕೋಶದಲ್ಲಿ ಅದು ಕಾನ್ವಾಲ್ವ್ಯುಲಸ್ ಎಂಬ ಮೂರನೆಯ ಸಸ್ಯ. ನಿಘಂಟನ್ನು ಮಾತ್ರ ಹಿಡಿದು ತೋಟಕ್ಕಿಳಿದವನಿಗೆ ಯಾವುದು ಗತಿ?

ಲಕ್ಷಣಪರೀಕ್ಷೆಯೇ ಗತಿ. ನೀಲಬಣ್ಣವು ಲಕ್ಷಣವಾಗಲಾರದು. ಬೇಲಿಯ ಬಳ್ಳಿಯೂ, ಬ್ರಜಿಲಿನಿಂದ ಬಂದು ಇಂದು ಕುಂಡಗಳಲ್ಲಿ ಬೆಳೆಯುವ ಅಲಂಕಾರದ ಗಿಡವೂ ನೀಲಿಯೇ ಆದುದರಿಂದ ಅತಿವ್ಯಾಪ್ತಿ. ನಿಜವಾದ ವಿಷ್ಣುಕ್ರಾಂತಿಯು ಅಪರೂಪವಾಗಿ ಬಿಳಿಯ ಹೂವನ್ನೂ ಬಿಡುವುದರಿಂದ ಅವ್ಯಾಪ್ತಿ. ಹಾಗಾದರೆ ನೋಡಬೇಕಾದುದೇನು? ಬೇಲಿಯ ಬಳ್ಳಿಯ ಎಲೆ ಐದು ಅಥವಾ ಏಳು ಕಿರುಎಲೆಗಳಾಗಿ ಒಡೆದಿರುವುದು. ಅದು ಅವರೆಯಂತೆ ಕಾಯಿ ಬಿಡುವುದು. ವಿಷ್ಣುಕ್ರಾಂತಿಯ ಎಲೆ ಬಿಡಿಯಾದುದು, ಕಿರಿದಾದುದು, ರೇಶಿಮೆಯಂಥ ರೋಮವುಳ್ಳುದು; ಒಂದು ಸೆಂಟಿಮೀಟರನ್ನೂ ಮುಟ್ಟದ ಹೂವು ನೂಲಿನಂಥ ತೊಟ್ಟಿನ ತುದಿಯಲ್ಲಿ ನಿಲ್ಲುವುದು. ಕುಂಡದ ಗಿಡದ ಹೂವು ದೊಡ್ಡದು. ತೊಟ್ಟಿಲ್ಲದೆ ಕೊಂಬೆಯ ತುದಿಯಲ್ಲಿ ಗುಂಪಾಗಿರುವುದು. ಹುಲ್ಲುಹಾಸಿನಲ್ಲಿ ಗೆಣ್ಣುಗೆಣ್ಣಿಗೂ ಬೇರೂರಿ, ದುಂಡನೆಯ ಎಲೆಯ ನಡುವೆ ಬಿಳಿಯ ಹೂವು ಬಿಡುವುದು ಅಮೆರಿಕ ಖಂಡದಿಂದ ಬಂದ ಅದರ ದಾಯಾದಿ. ಕಾನ್ವಾಲ್ವ್ಯುಲಸಿನ ಹೂವಿನ ನಡುವೆ ಒಂದೇ ಶಲಾಕೆ. ವಿಷ್ಣುಕ್ರಾಂತಿಗೆ ಎರಡು, ಅವೂ ತುದಿಯಲ್ಲಿ ಕವಲೊಡೆದವು. ಇಷ್ಟಕ್ಕೆ ಒಂದು ಭೂತಗನ್ನಡಿ ಸಾಕು.

“ಹೂವನ್ನು ಸೀಳಿ ನೋಡುವುದು ಪರದೇಶದ ವಿದ್ಯೆ” ಎಂದು ಕೆಲವರು ಮುಖ ತಿರುಗಿಸುವರು. 1753ರಲ್ಲಿ ಲಿನೀಯಸನು ಈ ಗಿಡಕ್ಕೆ ಲ್ಯಾಟಿನ್ ಹೆಸರಿಟ್ಟುದು ದಿಟ. ಆದರೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ಕಳೆದು ಲಕ್ಷಣವನ್ನು ಹೇಳಬೇಕೆಂದು ವಿಧಿಸಿದವರು ನಮ್ಮ ತಾರ್ಕಿಕರಲ್ಲವೇ? ಹಸುವಿನ ಲಕ್ಷಣಕ್ಕಾಗಿ ಪಾಠಶಾಲೆಗಳಲ್ಲಿ ದಿನಗಟ್ಟಲೆ ವಾದಿಸುವ ನಾವು ಅಂಗಳದ ಗಿಡವನ್ನು ಬಾಗಿ ನೋಡಲು ಒಲ್ಲೆವೆಂದರೆ, ಆ ತರ್ಕವು ಬರಿಯ ಬಾಯಿಪಾಠವಾಯಿತು.

ಪೂಜೆಗೆ ಯಾವ ಹೂವನ್ನಾದರೂ ಭಕ್ತಿಯಿಂದ ಏರಿಸಬಹುದು, ದೇವರು ಕ್ಷಮಿಸುವನು. ಮಗುವಿನ ಬಾಯಿಗೆ ಹಾಕುವ ಮದ್ದಿನಲ್ಲಿ ಆ ಔದಾರ್ಯಕ್ಕೆ ಎಡೆಯಿಲ್ಲ. ಒಂದು ಸಸ್ಯದ ಗುಣವನ್ನು ಇನ್ನೊಂದಕ್ಕೆ ಹೆಸರಿನ ಬಲದಿಂದ ದಾನಮಾಡುವ ಅಧಿಕಾರ ಯಾವ ಕೋಶಕ್ಕೂ ಇಲ್ಲ. ಗಿಡವನ್ನು ಗುರುತಿಸಲಾರದವರು ಅದನ್ನು ಅರೆಯದಿರುವುದೇ ಲೇಸು.