ಕಂಪನಿ ಬದಲಾಯಿಸೋಣ, ಕೆಲಸದವರನ್ನಲ್ಲ

ಈ ಕಡೆ ತಲೆ ಹಾಕಿ ಸುಮಾರು ದಿನವಾಯ್ತು. ಬರೆಯೋದಕ್ಕೆ ಏನೂ ಇರಲಿಲ್ಲ ಅಂತಲ್ಲ, ನಮ್ಮ ಅಪಾರ್ಟ್‌ಮೆಂಟಿನ ಜಗಳದಲ್ಲೇ ಸಂಜೆಗಳೆಲ್ಲ ಕಳೆದುಹೋದವು. ಅದನ್ನೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ಚಾಮುಂಡಿ ಬೆಟ್ಟದ ಬುಡದಲ್ಲಿ ಮನೆ ಅಂದರೆ ಬೆಂಗಳೂರಿನ ಗೆಳೆಯರು ಹೊಟ್ಟೆ ಉರಿದುಕೊಳ್ಳುತ್ತಾರೆ. ಬಾಲ್ಕನಿಯಲ್ಲಿ ನಿಂತರೆ ಬೆಟ್ಟ ಕಾಣುತ್ತದೆ, ನಿಜ. ನಲ್ಲಿ ತಿರುಗಿಸಿದರೆ ನೀರು ಬರುತ್ತದೋ ಇಲ್ಲವೋ ಅನ್ನೋದು ಮಾತ್ರ ಆ ತಾಯಿಗೇ ಗೊತ್ತು :) ಕಳೆದ ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ಆರಕ್ಕೆ ಇಡೀ ಕಟ್ಟಡದಲ್ಲಿ ಹನಿ ನೀರಿಲ್ಲ. ಸಂಪಿನಲ್ಲಿ ನೀರು ಮುಗಿದಿದ್ದರೂ ರಾತ್ರಿಯೆಲ್ಲ ಮೋಟಾರ್ ಓಡಿ ಸುಟ್ಟುಹೋಗಿತ್ತು. ಮೇಂಟೆನೆನ್ಸ್ ಕಂಪನಿಯ ಮ್ಯಾನೇಜರ್ ಎಲ್ಲಿ? ಬೆಟ್ಟದ ಮೇಲೆ, ದರ್ಶನದ ಕ್ಯೂನಲ್ಲಿ, ಫೋನ್ ಸ್ವಿಚ್ ಆಫ್. ದೇವಿ ದರ್ಶನಕ್ಕೆ ಹೋಗಿದ್ದು ತಪ್ಪಲ್ಲ ಕಣ್ರೀ. ಅವರ ಜಾಗದಲ್ಲಿ ಇನ್ನೊಬ್ಬರು ಇರಲಿಲ್ಲವಲ್ಲ, ತಪ್ಪು ಅದು. ಆ ಇನ್ನೊಬ್ಬರ ಸಂಬಳ ಮಾತ್ರ ಪ್ರತಿ ತಿಂಗಳೂ ನಮ್ಮ ಬಿಲ್ಲಿನಲ್ಲಿತ್ತು.

ಅವತ್ತೇ ನಾವು ಮೂರು ಜನ ಹಳೇ ಬಿಲ್ಲುಗಳನ್ನು ಕೇಳಿ ತರಿಸಿಕೊಂಡೆವು. ಜನರೇಟರಿನಲ್ಲಿ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಮೀಟರ್ ಒಂದಿರುತ್ತದೆ. ಅದರ ಪ್ರಕಾರ ಒಂದು ತಿಂಗಳಲ್ಲಿ ಓಡಿದ್ದು 11 ಗಂಟೆ. ಡೀಸೆಲ್ ಬಿಲ್ಲು 400 ಲೀಟರಿಗೆ. ಅಂದರೆ ಗಂಟೆಗೆ 36 ಲೀಟರ್! ನಮ್ಮದು 125 ಕೆವಿಎ ಜನರೇಟರು, ಪೂರ್ತಿ ಲೋಡಿನಲ್ಲಿ ಓಡಿದರೂ ಅಷ್ಟು ಕುಡಿಯೋದಿಲ್ಲ. ನಾವು ಓಡಿಸೋದು ಲಿಫ್ಟು, ಪಂಪು, ಮೆಟ್ಟಿಲ ದೀಪಗಳಿಗೆ ಮಾತ್ರ. ಒಪ್ಪಂದ ತೆಗೆದು ನೋಡಿದರೆ ಅದಕ್ಕಿಂತ ಚೆಂದ. ಕಂಪನಿಯ ಫೀಸು ಒಟ್ಟು ಖರ್ಚಿನ ಮೇಲೆ ಶೇಕಡಾ 10, ಅದರ ಮೇಲೆ ಜಿಎಸ್‌ಟಿ. ಖರ್ಚು ಹೆಚ್ಚಿದಷ್ಟೂ ಅವರಿಗೆ ಲಾಭ. ಇಂಥ ಒಪ್ಪಂದ ಮಾಡಿಕೊಂಡು ಡೀಸೆಲ್ ಉಳಿಸಿ ಅಂದರೆ ಯಾವ ದಡ್ಡ ಉಳಿಸುತ್ತಾನೆ, ನೀವೇ ಹೇಳಿ. ಸಹಿ ಹಾಕಿದ ಕಮಿಟಿಯಲ್ಲಿ ನಾನೂ ಇದ್ದೆ. ಓದಿರಲಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಈ ಲೆಕ್ಕ ಹಾಕಿದ ಮೇಲೆ ಶುರುವಾಯ್ತು. "ಬಿಲ್ಡರ್ ತಂದ ಕಂಪನಿ, ಅವರನ್ನು ಕೇಳದೆ ತೆಗೆಯೋಕಾಗಲ್ಲ" ಅಂತ ಒಬ್ಬರು. ಸ್ವಾಮಿ, 2016ರ ರೇರಾ ಕಾಯ್ದೆ ಓದಿ. ಸಂಘ ವಹಿಸಿಕೊಳ್ಳುವ ತನಕ ಮಾತ್ರ ನಿರ್ವಹಣೆ ಬಿಲ್ಡರ್ ಹೊಣೆ, ಅದೂ ನ್ಯಾಯವಾದ ಶುಲ್ಕಕ್ಕೆ. ಓಸಿ ಸಿಕ್ಕ ಮೇಲೆ ಕಟ್ಟಡದ ನಕ್ಷೆ, ದಾಖಲೆಗಳನ್ನು ಸಂಘಕ್ಕೆ ಕೊಡಬೇಕು ಅಂತ 17ನೇ ಸೆಕ್ಷನ್ನಿನಲ್ಲಿದೆ. ನಮ್ಮ ಸಂಘ ವಹಿಸಿಕೊಂಡು ವರ್ಷಗಳಾದವು. ಇನ್ನು ಯಾರನ್ನು ಕೇಳಬೇಕು?

"ಎಲ್ಲಾ ಕಂಪನಿಗಳೂ ಇಷ್ಟೇ, ಸುಮ್ಮನೆ ಯಾಕೆ ತಲೆನೋವು" ಅನ್ನೋದು ಇನ್ನೊಬ್ಬರ ವಾದ. ಇವರು ಇದುವರೆಗೆ ಒಂದು ಜನರಲ್ ಬಾಡಿ ಮೀಟಿಂಗಿಗೂ ಬಂದವರಲ್ಲ. ತಲೆನೋವು ಯಾವುದು ಅಂತ ಅವರಿಗೆ ಹೇಗೆ ಗೊತ್ತಾಯ್ತೋ!

ಇನ್ನೊಂದು ಕಡೆ ಬಿಸಿರಕ್ತದವರು. ನಾಳೆಯೇ ಗೇಟಿನಿಂದ ಆಚೆ ಹಾಕಿ ಅಂತಾರೆ. ಹಾಕಬಹುದು. ಲಿಫ್ಟಿನ ಎಎಂಸಿ ಯಾರ ಹೆಸರಿನಲ್ಲಿದೆ ನೋಡಿದ್ದೀರಾ? ಕಂಪನಿಯ ಹೆಸರಿನಲ್ಲಿ. ಅವರು ಹೋದ ಮಾರನೇ ದಿನ ಲಿಫ್ಟು ನಿಂತರೆ ಮೆಕ್ಯಾನಿಕ್ ನಮ್ಮ ಮಾತಿಗೆ ಬರೋದಿಲ್ಲ. ಕೊಳಚೆ ನೀರಿನ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿ ಪತ್ರ, ಲಿಫ್ಟಿನ ಲೈಸೆನ್ಸು, ಕ್ಯಾಮೆರಾದ ಪಾಸ್‌ವರ್ಡು, ಯಾವ ಪೈಪು ಎಲ್ಲಿ ಹೋಗಿದೆ ಅನ್ನುವ ಡ್ರಾಯಿಂಗು, ಎಲ್ಲಾ ಮ್ಯಾನೇಜರ್ ಕೋಣೆಯ ಬೀರುವಿನಲ್ಲಿದೆ. ಬೀರುವಿನ ಕೀ ಕೂಡ ಅವರ ಹತ್ತಿರವೇ. ಮೊದಲು ಅವು ನಮ್ಮ ಕೈಗೆ ಬರಲಿ, ಆಮೇಲೆ ನೋಟಿಸು ಕೊಡೋಣ. ನೋಟಿಸಿನ ಅವಧಿಯಲ್ಲೇ ಹೊಸಬರು ಬಂದು ಹಳಬರ ಜೊತೆ ಒಂದೆರಡು ವಾರ ಓಡಾಡಲಿ.

ನನಗೆ ನಿದ್ದೆಗೆಡಿಸಿದ ವಿಷಯ ಬೇರೆ. ನಮ್ಮಲ್ಲಿ ಕಸ ಗುಡಿಸಿ ಒರೆಸುವ ಹೆಂಗಸರು ಎಂಟು ಜನ, ಹೆಚ್ಚಿನವರು ಉತ್ತನಹಳ್ಳಿ ಕಡೆಯಿಂದ ಬರುವವರು. ಮೊನ್ನೆ ಅವರಲ್ಲೊಬ್ಬಾಕೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದಳು, "ಕಂಪ್ನಿ ಹೋಯ್ತದಂತಲ್ಲ ಸಾರ್, ನಮ್ಮನ್ನ ಇಟ್ಕೋತೀರಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕೂವರೆ ವರ್ಷದಿಂದ ನಮ್ಮ ಮೆಟ್ಟಿಲು ಒರೆಸಿದ್ದಾಳೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಒಬ್ಬರೇ ಮಾಲೀಕರ ಕೈಕೆಳಗೆ 5 ವರ್ಷ ಬೇಕು. ಕಂಪನಿ ಬದಲಾದರೆ ಅವಳ ಲೆಕ್ಕ ಮತ್ತೆ ಸೊನ್ನೆಯಿಂದ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ, ಕಟ್ಟಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಯುಎಎನ್ ನಂಬರು ಯಾವತ್ತೂ ಕೊಟ್ಟೇ ಇಲ್ಲವಂತೆ.

ಗುಂಪಿನಲ್ಲಿ ಇದನ್ನು ಬರೆದರೆ "ಹಳಬರೆಲ್ಲ ಆ ಕಂಪನಿಯ ಜನ, ಫ್ರೆಶ್ ಆಗಿ ಶುರು ಮಾಡೋಣ" ಅಂತ ಉತ್ತರ ಬಂತು, ಕೆಳಗೆ ಹದಿನಾಲ್ಕು ಹೆಬ್ಬೆರಳು. ಡೀಸೆಲ್ ತಿಂದವರು ಯಾರು, ಫ್ರೆಶ್ ಆಗಬೇಕಾದವರು ಯಾರು! ಕಂಪನಿಯ ಜನ ಬೋರ್ಡಿನಲ್ಲಿ ಹೆಸರಿರುವವರು. ಪೊರಕೆ ಹಿಡಿದವರು ನಮ್ಮ ಜನ. ಎಂಟು ಜನರ ಪಿಎಫ್ ಚಲನ್ನು, ಬಾಕಿ ಸಂಬಳದ ರಸೀತಿ ತೋರಿಸುವ ತನಕ ಹಳೇ ಕಂಪನಿಯ ಕೊನೆಯ ಬಿಲ್ಲಿಗೆ ಚೆಕ್ ಬರೆಯಬಾರದು. ಇದೇ ಎಂಟು ಜನರನ್ನು ಇದಕ್ಕಿಂತ ಕಡಿಮೆಯಿಲ್ಲದ ಸಂಬಳಕ್ಕೆ ಇಟ್ಟುಕೊಳ್ಳುತ್ತೇವೆ ಅಂತ ಬರೆದುಕೊಡದ ಹೊಸ ಕಂಪನಿಯ ಕೊಟೇಶನ್ ತೆರೆಯಲೂ ಬಾರದು. ಫೀಸು ಪರ್ಸೆಂಟೇಜ್ ಬೇಡ, ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್. ಹದಿನಾಲ್ಕು ಹೆಬ್ಬೆರಳಿನವರೂ ಬರುತ್ತಾರೆ. ನಿಮ್ಮಲ್ಲಿ ಯಾರಾದರೂ ಕಂಪನಿ ಬದಲಾಯಿಸಿಯೂ ಹಳೇ ಕೆಲಸದವರನ್ನು ಉಳಿಸಿಕೊಂಡಿದ್ದರೆ, ಒಪ್ಪಂದದಲ್ಲಿ ಆ ಮಾತನ್ನು ಹೇಗೆ ಬರೆಸಿದಿರಿ ಅಂತ ಕಾಮೆಂಟಿನಲ್ಲಿ ಹಾಕಿ. ಶನಿವಾರ ರಾತ್ರಿಯೊಳಗೆ ಸಿಕ್ಕರೆ ಉಪಕಾರವಾಗುತ್ತೆ.