ಮನೆ ಕೇಳಿದರೆ ಜಾಗ ಕೇಳುತ್ತಾರೆ

ರಾಣೆಬೆನ್ನೂರಿನಲ್ಲಿ ಕೋಣೆ ಮಾಡಿಕೊಂಡು ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕೋಣೆಯ ಬಾಡಿಗೆ ಹೊಂದಿಸಲು ಸಂಜೆ ಹೊತ್ತು ಒಂದು ಝೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಕೆಲಸ. ವಿದ್ಯಾರ್ಥಿವೇತನ, ಆದಾಯ ಪ್ರಮಾಣಪತ್ರ, ಪೊಲೀಸ್ ನೇಮಕಾತಿ, ಎಲ್ಲವೂ ಬರುತ್ತವೆ. ಈಚೆಗೆ ಮನೆಯ ಅರ್ಜಿಗಳು ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಹಂತ ಶುರುವಾಯಿತು. ಐದು ವರ್ಷದಲ್ಲಿ ದೇಶದ ಪಟ್ಟಣಗಳಲ್ಲಿ ಇನ್ನೂ 1 ಕೋಟಿ ಕುಟುಂಬಗಳಿಗೆ ನೆರವು ಎಂಬುದು ಅದರ ಗುರಿ. ಟಿ.ವಿ.ಯಲ್ಲಿ ನೋಡಿದವರು ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಅವರಿಗೆ ನಾನು ಕೇಳಲೇಬೇಕಾದ ಮೊದಲ ಪ್ರಶ್ನೆಗಳಲ್ಲಿ ಒಂದು: 'ಸ್ವಂತ ಜಾಗ ಐತೇನ್ರಿ?'

'ಜಾಗ ಇದ್ದಿದ್ರ ಮನಿ ಯಾಕ ಕೇಳ್ತಿದ್ದೆ ತಮ್ಮಾ?' ಎಂದು ಒಬ್ಬ ಹೆಣ್ಣುಮಗಳು ನನ್ನನ್ನೇ ಕೇಳಿದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಕುಳಿತು ನಿಯಮಗಳನ್ನು ಓದಿದೆ.

ಈ ಯೋಜನೆಯಲ್ಲಿ ಹಲವು ದಾರಿಗಳಿವೆ. ಒಂದು, ಫಲಾನುಭವಿ ತನ್ನದೇ ನಿವೇಶನದಲ್ಲಿ ತಾನೇ ಮನೆ ಕಟ್ಟಿಕೊಳ್ಳುವುದು; ಕೇಂದ್ರದ ಪಾಲು ಮನೆಗೆ 1.5 ಲಕ್ಷ ರೂಪಾಯಿ, ಅದರ ಜೊತೆ ರಾಜ್ಯದ ಪಾಲು. ಎರಡು, ಸರ್ಕಾರಿ ಸಂಸ್ಥೆಯೋ ಖಾಸಗಿಯವರೋ ಕಟ್ಟಿದ ಮನೆಯನ್ನು ಪಡೆಯುವುದು. ಮೂರು, ಕಡಿಮೆ ಬಾಡಿಗೆಯ ಮನೆ. ನಾಲ್ಕು, ಸಾಲದ ಬಡ್ಡಿಗೆ ಸಹಾಯಧನ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವವರು ಆರ್ಥಿಕವಾಗಿ ದುರ್ಬಲ ವರ್ಗ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. 2015ರಿಂದ ನಡೆದ ಮೊದಲ ಹಂತದಲ್ಲಿ ಅತಿ ಹೆಚ್ಚು ಮನೆಗಳು ಮಂಜೂರಾದದ್ದು ಮೊದಲ ದಾರಿಯಲ್ಲಿ. ಅಂದರೆ ಜಾಗ ಇದ್ದವರಿಗೆ. ಅವರೂ ಬಡವರೇ, ಸಂಶಯವಿಲ್ಲ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿರುವವರ ಮಾತು ನನ್ನದು.

ಅವರಿಗಾಗಿಯೇ ಇರುವುದು ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ. ಪರೀಕ್ಷೆಗೆ ಓದುವ ಗೆಳೆಯರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ, ನಾನೂ ಮಾಡಿಕೊಂಡಿದ್ದೆ. ನಿವೇಶನ ಮತ್ತು ಮನೆ ಮಾರುವುದು ಗೃಹ ಮಂಡಳಿ. ಆಶ್ರಯ, ಬಸವ, ಅಂಬೇಡ್ಕರ್ ಮೊದಲಾದ ಯೋಜನೆಗಳ ಹಣ ಬಿಡುಗಡೆ ಮಾಡುವುದು 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ವಸತಿ ನಿಗಮ. ತಳಪಾಯ, ಗೋಡೆ, ಛಾವಣಿ ಎಂದು ಒಂದೊಂದು ಹಂತದ ಫೋಟೊ ನೋಡಿ ಕಂತು ಹಾಕುತ್ತದೆ. ಕೊಳಗೇರಿ ಮಂಡಳಿ ಇವೆರಡಕ್ಕಿಂತ ಬೇರೆ. 1973ರ ಕೊಳಗೇರಿ ಕಾಯ್ದೆಯಡಿ ಹುಟ್ಟಿದ್ದು. ಅದರ ಹಳೆಯ ಹೆಸರು ಕೊಳಚೆ ನಿರ್ಮೂಲನಾ ಮಂಡಳಿ. ನಿರ್ಮೂಲನೆ ಹೋಗಿ ಅಭಿವೃದ್ಧಿ ಬಂದದ್ದು ಬರೀ ಬೋರ್ಡಿನ ಬದಲಾವಣೆಯಲ್ಲ. ಗುಡಿಸಲು ಎತ್ತಿಸುವುದರ ಬದಲು ಇದ್ದಲ್ಲೇ ಮನೆ ಕಟ್ಟಿಕೊಡಬೇಕು ಎಂಬ ಒಪ್ಪಿಗೆ ಅದರಲ್ಲಿದೆ.

ಆದರೆ ಮಂಡಳಿ ತನಗೆ ಬೇಕಾದಲ್ಲಿ ಕೆಲಸ ಮಾಡಲಾರದು. ಕಾಯ್ದೆಯ 3ನೇ ಕಲಂ ಪ್ರಕಾರ ಒಂದು ಪ್ರದೇಶ ಮೊದಲು ಕೊಳಗೇರಿ ಎಂದು ಘೋಷಣೆಯಾಗಬೇಕು. ಘೋಷಣೆಯಾಗದ ಓಣಿ ಎಷ್ಟೇ ಇಕ್ಕಟ್ಟಾಗಿರಲಿ, ಮಂಡಳಿಯ ಕಣ್ಣಿಗೆ ಅದು ಕೊಳಗೇರಿಯಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಊರುಗಳಲ್ಲಿ ಬಡತನ ಬೆಂಗಳೂರಿನ ಹಾಗೆ ಒಂದೇ ಕಡೆ ಗುಂಪಾಗಿ ಕೂತಿರುವುದಿಲ್ಲ. ಹಳೆಯ ಮನೆಯ ಹಿತ್ತಲಲ್ಲಿ ತಗಡು ಹೊದಿಸಿದ ಎರಡು ಖೋಲಿ, ಗೋದಾಮಿನ ಪಕ್ಕದಲ್ಲಿ ಒಂದು ಸಾಲು, ಹೊಲ ಬಡಾವಣೆಯಾದ ಕಡೆ ಅಂಚಿನಲ್ಲಿ ನಾಲ್ಕು ಮನೆ. ಇವನ್ನು ಯಾರು ಘೋಷಿಸುತ್ತಾರೆ?

ಘೋಷಣೆಯಾದ ಕಡೆಯೂ ದಾರಿ ಸಲೀಸಾಗಿರಲಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಮಂಡಳಿ ರಾಜ್ಯದಲ್ಲಿ 1,80,253 ಮನೆಗಳನ್ನು ಕೈಗೆತ್ತಿಕೊಂಡಿತ್ತು. ಮೊದಲ ಕಂತಿನ 36,789 ಮನೆಗಳನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಹಂಚಿದ್ದು 2024ರ ಮಾರ್ಚ್‌ನಲ್ಲಿ. ಯೋಜನೆ ಶುರುವಾಗಿ ಒಂಬತ್ತನೆಯ ವರ್ಷದಲ್ಲಿ ಐದರಲ್ಲಿ ಒಂದು ಪಾಲು. ಅದಕ್ಕೆ ಗುತ್ತಿಗೆದಾರರನ್ನೋ ಎಂಜಿನಿಯರನ್ನೋ ಬೈಯುವುದು ಸುಲಭ. ನನಗೆ ಕಂಡ ಮುಖ್ಯ ಕಾರಣ ಲೆಕ್ಕದಲ್ಲೇ ಇದೆ. ಒಂದು ಮನೆಯ ವೆಚ್ಚ ಸುಮಾರು ಏಳೂವರೆ ಲಕ್ಷ. ಅದರಲ್ಲಿ ಕೇಂದ್ರದ ಪಾಲು 1.5 ಲಕ್ಷ. ರಾಜ್ಯದ ಪಾಲು ಕಳೆದರೂ ಫಲಾನುಭವಿಯ ತಲೆಯ ಮೇಲೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ಹೊರೆ. ಬ್ಯಾಂಕ್ ಸಾಲ ತೆಗೆದು ಅದನ್ನು ತುಂಬಬೇಕು. ಹಮಾಲಿ ಮಾಡುವವನಿಗೆ, ಮನೆಗೆಲಸದವಳಿಗೆ ಸಂಬಳದ ಚೀಟಿ ಇಲ್ಲ. ಚೀಟಿ ಇಲ್ಲದವರಿಗೆ ಬ್ಯಾಂಕು ಮೂವತ್ತು ಚದರ ಮೀಟರಿನ ಮನೆಯ ಮೇಲೆ ಸಾಲ ಕೊಡುತ್ತದೆಯೇ? ಕೊನೆಗೆ 2023ರ ಅಂತ್ಯದಲ್ಲಿ, ಫಲಾನುಭವಿ 1 ಲಕ್ಷ ಕಟ್ಟಿದರೆ ಸಾಕು, ಉಳಿದದ್ದನ್ನು ತಾನೇ ಭರಿಸುವೆ ಎಂದು ರಾಜ್ಯ ಸರ್ಕಾರ ತೀರ್ಮಾನಿಸಿತು. ಮೇಲಾಗಿ ಬಡವರ ಈ ಮನೆಗಳ ಮೇಲೂ ಜಿಎಸ್‌ಟಿ ಬೀಳುತ್ತದೆ. ಕೇಂದ್ರ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ವಾಪಸು ಪಡೆಯುತ್ತದೆ ಎಂದು ರಾಜ್ಯ ಸರ್ಕಾರ ದೂರಿದ್ದು ಇದಕ್ಕೇ. ಆ ರಾಜಕೀಯ ಅವರಿಗಿರಲಿ.

1 ಲಕ್ಷಕ್ಕೆ ಇಳಿಸಿದ್ದು ದೊಡ್ಡ ಹೆಜ್ಜೆ, ಒಪ್ಪಲೇಬೇಕು. ಆದರೂ ಅದರಿಂದ ನನ್ನ ಊರಿನ ಸಮಸ್ಯೆ ಪೂರ್ತಿ ಬಗೆಹರಿಯುವುದಿಲ್ಲ.

ನನ್ನ ಊರು ಬ್ಯಾಡಗಿ. ಸೋಮವಾರ, ಗುರುವಾರ ಮಾರುಕಟ್ಟೆ. ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮೆಣಸಿನಕಾಯಿ ಲಾರಿಗಳು ಬರುತ್ತವೆ. ಆ ಚೀಲಗಳನ್ನು ಇಳಿಸುವವರು, ಕಾಯಿ ವಿಂಗಡಿಸುವವರು, ತೊಟ್ಟು ಬಿಡಿಸುವ ಹೆಂಗಸರು ಎಲ್ಲರೂ ಕೂಲಿಯವರು. ನನ್ನ ಅವ್ವನೂ ಅದೇ ಕೆಲಸ ಮಾಡಿದವಳು. ಹದಿನಾರು ವರ್ಷದಲ್ಲಿ ನಾವು ಆರು ಬಾಡಿಗೆ ಮನೆ ಬದಲಿಸಿದ್ದೇವೆ. ಬಾಡಿಗೆ ಕರಾರು ಪತ್ರ ಬರೆದುಕೊಟ್ಟ ಮಾಲೀಕರು ಒಬ್ಬರೂ ಇಲ್ಲ. ಅವ್ವನ ಆಧಾರ್‌ನಲ್ಲಿ ಈಗಲೂ ಇರುವುದು ನಾವು ಬಿಟ್ಟು ಬಂದ ಹಳ್ಳಿಯ ವಿಳಾಸ. ಹಳ್ಳಿಯ ಪಟ್ಟಿಯಲ್ಲಿ ನಾವಿಲ್ಲ, ಏಕೆಂದರೆ ಅಲ್ಲಿ ವಾಸವಿಲ್ಲ. ಪಟ್ಟಣದ ಪಟ್ಟಿಯಲ್ಲೂ ಇಲ್ಲ, ಏಕೆಂದರೆ ಇಲ್ಲಿ ದಾಖಲೆಯಿಲ್ಲ. ಇಂಥವರಿಗೆ ಮನೆಯ ಮಾಲೀಕತ್ವ ಕೊಡುವ ಮೊದಲು ಬೇಕಾದದ್ದು ಯಾರೂ ಹೊರಹಾಕದ ಒಂದು ಬಾಡಿಗೆ ಮನೆ.

ಇದು ಹೊಸ ವಿಚಾರವೇನಲ್ಲ. ಯುರೋಪಿನ ವಿಯೆನ್ನಾದಲ್ಲಿ ನಗರಾಡಳಿತವೇ ನೂರು ವರ್ಷದಿಂದ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದೆ. ನಮ್ಮಲ್ಲಿ 2020ರ ಲಾಕ್‌ಡೌನ್‌ನಲ್ಲಿ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದುಹೋದ ಮೇಲೆ ಕೇಂದ್ರ ಸರ್ಕಾರಕ್ಕೆ ಬಾಡಿಗೆ ವಸತಿಯ ನೆನಪಾಯಿತು. ಈಗಿನ 2.0ರಲ್ಲಿ ಅದು ಅಧಿಕೃತ ವಿಭಾಗ. ದುಡಿಯುವ ಮಹಿಳೆಯರು, ಕಾರ್ಮಿಕರು, ವಿದ್ಯಾರ್ಥಿಗಳು ಕೂಡ ಅದರ ವ್ಯಾಪ್ತಿಯಲ್ಲಿ ಬರುತ್ತಾರೆ. ಓದಿದಾಗ ನನಗೂ ಖುಷಿಯಾಯಿತು, ಏಕೆಂದರೆ ರಾಣೆಬೆನ್ನೂರಿನ ಕೋಚಿಂಗ್ ಹುಡುಗರು ಬಾಡಿಗೆಗೇ ಅರ್ಧ ದುಡ್ಡು ಸುರಿಯುವವರು.

ಜಾಗ ಎಲ್ಲಿದೆ ಎಂದು ಕೇಳಬಹುದು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಧಾರವಾಡದಿಂದ ಬೇರೆಯಾದ ಕಚೇರಿಗಳಿಗೆಲ್ಲ ಜಾಗ ಸಿಕ್ಕಿತು. ರಾಣೆಬೆನ್ನೂರಿನ ಜನಸಂಖ್ಯೆ 2011ರ ಗಣತಿಯಲ್ಲೇ ಲಕ್ಷ ದಾಟಿತ್ತು, ಜಿಲ್ಲಾ ಕೇಂದ್ರಕ್ಕಿಂತ ದೊಡ್ಡ ಊರು. ಮುಂದಿನ ಜನಗಣತಿ 2027ರದ್ದು. ಅಲ್ಲಿಯವರೆಗೆ ಹಳೆಯ ಅಂಕಿಗಳೇ ಗತಿ. ನಗರಸಭೆ, ಪುರಸಭೆಗಳು ಅದಕ್ಕೆ ಕಾಯದೆ ತಮ್ಮ ವಾರ್ಡಿನ ಬಾಡಿಗೆದಾರರ ಪಟ್ಟಿಯೊಂದನ್ನು ಮಾಡಬಹುದು. ಈಗ ಪಟ್ಟಣಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಹಳ್ಳಿಯಲ್ಲಾದರೆ ಗ್ರಾಮಸಭೆ ಇದೆ, ಎದ್ದು ನಿಂತು ಕೇಳಬಹುದು. ಪಟ್ಟಣದ ಬಡವನಿಗೆ ಅಂಥ ಸಭೆಯಿಲ್ಲ. ವಾರ್ಡಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಯಾರು ಬಿಟ್ಟುಹೋಗಿದ್ದಾರೆ ಎಂದು ಆ ಓಣಿಯ ಕಾಲೇಜು ಹುಡುಗರೇ ಹೇಳಬಲ್ಲರು. ಎ.ಪಿ.ಎಂ.ಸಿ.ಯ ಆಸುಪಾಸಿನಲ್ಲಿ ಹಮಾಲರಿಗೆ, ತೊಟ್ಟು ಬಿಡಿಸುವವರಿಗೆ ಐವತ್ತು ಖೋಲಿಯ ಬಾಡಿಗೆ ಕಟ್ಟಡ ಕಟ್ಟಿ ನೋಡಲಿ. ಅದು ಸೋತರೆ ಬೇರೆ ಮಾತು.

ಮೊನ್ನೆ ಆ ಹೆಣ್ಣುಮಗಳು ಮತ್ತೆ ಬಂದಿದ್ದಳು. ಬಾಡಿಗೆ ಮನೆಯ ವಿಭಾಗ ಇದೆ ಎಂದೆ. 'ನಮ್ಮೂರಾಗ ಎಲ್ಲಿ ಕಟ್ಯಾರ?' ಎಂದಳು. ಎಲ್ಲೂ ಕಟ್ಟಿದ್ದು ನನಗೆ ಕಂಡಿರಲಿಲ್ಲ, ಹಾಗೆಯೇ ಹೇಳಿದೆ. ಆಧಾರ್ ಕಾರ್ಡುಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, 'ಕಟ್ಟಿದ ಮ್ಯಾಲ ಫೋನ್ ಹಚ್ಚು' ಎಂದು ಮಗನ ನಂಬರು ಬರೆಸಿ ಹೋದಳು.