ಬೀಗ ಹಾಕಿದ ಮನೆಗೂ ಬಾಡಿಗೆ

ಹಿರಿಯರ ಹಳೆಯ ಪಠ್ಯಪುಸ್ತಕಗಳು ಕಿರಿಯರಿಗೆ ಸಿಗಲಿ ಎಂದು ಕಳೆದ ವರ್ಷ ನಾವು ನಾಲ್ವರು ಒಂದು ವೆಬ್ ಆ್ಯಪ್ ಮಾಡಿದ್ದು ಹಲವರಿಗೆ ನೆನಪಿರಬಹುದು. ಪರೀಕ್ಷೆಗೆಂದು ನಿಲ್ಲಿಸಿದ್ದು ಮತ್ತೆ ತೆರೆಯಲೇ ಇಲ್ಲ. ಕೇಳಿದವರಿಗೆಲ್ಲ 'ಟೆಕ್ನಿಕಲ್ ಪ್ರಾಬ್ಲಮ್' ಎಂದಿದ್ದೆ. ನಿಜ ಏನೆಂದರೆ, ಬಿಲ್ ಬಂತು.

ಯೂಟ್ಯೂಬ್ ನೋಡಿ ಒಂದು ದೊಡ್ಡ ಕಂಪನಿಯ ಕ್ಲೌಡ್ ಆರಿಸಿದ್ದೆವು. ಶುರುವಿನಲ್ಲಿ ಉಚಿತ, ಆದರೆ ಕಾರ್ಡ್ ನಂಬರ್ ಕೊಡಬೇಕು. ಮಾಮನ ಕಾರ್ಡ್ ಕೊಟ್ಟೆ. ಪರೀಕ್ಷೆ ಹತ್ತಿರ ಬಂದಾಗ ಸರ್ವರ್ ನಿಲ್ಲಿಸಿದೆವು, ಅಳಿಸಲಿಲ್ಲ. ನಿಂತ ಸರ್ವರಿನ ಡಿಸ್ಕಿಗೂ ಅದಕ್ಕೆ ಕಾದಿರಿಸಿದ ಐಪಿ ವಿಳಾಸಕ್ಕೂ ಲೆಕ್ಕ ಓಡುತ್ತಲೇ ಇತ್ತು. ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಮಾಲೀಕ ಬಾಡಿಗೆ ಬಿಡುತ್ತಾನೆಯೇ? ನಾವು ಹಾಕಿದ್ದ 'ಬಜೆಟ್' ಕೂಡ ಬರೀ ಎಚ್ಚರಿಕೆಯ ಇಮೇಲ್, ಖರ್ಚು ತಡೆಯುವ ಗೋಡೆಯಲ್ಲ. ಮಾಮ 1,640 ರೂಪಾಯಿ ಕಟ್ಟಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈ ವರ್ಷ ಮತ್ತೆ ಶುರು ಮಾಡೋಣ ಎಂದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ: ಯಾವುದು ಫ್ರೀ? ಈ ಪ್ರಶ್ನೆಯೇ ತಪ್ಪು ಎಂದು ನನ್ನ ಅಭಿಪ್ರಾಯ. ಹೆರೋಕು ವರ್ಷಗಟ್ಟಲೆ ಉಚಿತ ಕೊಟ್ಟು 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ರೆಂಡರ್‌ನ ಉಚಿತ ಸರ್ವರ್ 15 ನಿಮಿಷ ಯಾರೂ ಬಾರದಿದ್ದರೆ ಮಲಗುತ್ತದೆ, ಏಳಲು ಸುಮಾರು ಒಂದು ನಿಮಿಷ. ಅದನ್ನು ಸಹಿಸಬಹುದು. ಅವರ ಉಚಿತ ಡೇಟಾಬೇಸಿನ ಆಯುಷ್ಯ 30 ದಿನ, ಅದು ಕಷ್ಟ. ದುಡ್ಡು ಕೊಡುವುದಾದರೆ ಡಿಜಿಟಲ್‌ಓಷನ್‌ನಲ್ಲಿ ತಿಂಗಳಿಗೆ 4 ಡಾಲರ್‌ನ ಪುಟ್ಟ ಸರ್ವರ್ ಇದೆ, ಬೆಂಗಳೂರಿನಲ್ಲೇ ಅವರ ಡೇಟಾ ಸೆಂಟರ್ ಇದೆ. ತೆರಿಗೆ ಸೇರಿ ಸುಮಾರು 400 ರೂಪಾಯಿ. ಎಷ್ಟು ಬರುತ್ತದೆಂದು ಮೊದಲೇ ಗೊತ್ತಿರುವುದು ದೊಡ್ಡ ನೆಮ್ಮದಿ.

ಆದರೆ ನಮಗೆ ಸರ್ವರ್ ಬೇಕಾದದ್ದಾದರೂ ಏಕೆ? ಇಡೀ ವರ್ಷದ ಡೇಟಾ ಮೊಬೈಲಿನ ಎರಡು ಫೋಟೋದಷ್ಟಿಲ್ಲ. ಪುಸ್ತಕ ಕೊಡುವವರ ಫೋನ್ ನಂಬರ್ ಇಟ್ಟಿದ್ದೆವು, ವಿದ್ಯಾರ್ಥಿನಿಯರದ್ದೂ ಸೇರಿ. ಅದು ಎಲ್ಲರಿಗೂ ಕಾಣಬಾರದೆಂದು ಲಾಗಿನ್, ಲಾಗಿನ್‌ಗಾಗಿ ಡೇಟಾಬೇಸ್, ಡೇಟಾಬೇಸಿಗಾಗಿ ಸರ್ವರ್. ನಂಬರ್ ಕೇಳದೇ ಇದ್ದರೆ? ಪುಸ್ತಕ ಲೈಬ್ರರಿ ಕೌಂಟರಿನಲ್ಲಿ ಕೊಡಿ, ಅಲ್ಲೇ ಪಡೆಯಿರಿ. ಪುಸ್ತಕಗಳ ಪಟ್ಟಿ ಮಾತ್ರ ಗಿಟ್‌ಹಬ್ ಪೇಜಸ್‌ನಲ್ಲಿ. ಅಲ್ಲಿ ಕಾರ್ಡ್ ಕೇಳುವುದಿಲ್ಲ. ಮುಂದೊಂದು ದಿನ ಅದೂ ನಿಂತರೆ ಪಟ್ಟಿಯ ಫೈಲ್ ಎತ್ತಿ ಬೇರೆಡೆ ಇಟ್ಟರಾಯಿತು. ಇಸ್ರಾಫ್ ಎಂದಾಗಲೆಲ್ಲ ನನಗೆ ವುಝೂ ಮಾಡುವಾಗ ಸುರಿಯುವ ನಲ್ಲಿ ನೆನಪಾಗುತ್ತಿತ್ತು, ಈಗ ಆ ಸರ್ವರ್ ಕೂಡ.

'ಹಾಗಾದರೆ ಇದು ಆ್ಯಪ್ ಅಲ್ಲ, ಬರೀ ಪಟ್ಟಿ' ಎಂದು ಗೆಳೆಯ ಮೂಗು ಮುರಿದ. ಅವನ ಮಾತು ಸರಿ. ಆದರೆ ಫಿಸಿಕ್ಸ್ ಪುಸ್ತಕ ಬೇಕಾದವರಿಗೆ ಬೇಕಿರುವುದು ಪಟ್ಟಿಯೇ.

ಕಳೆದ ಸಲ ಖಾತೆ ನನ್ನ ಇಮೇಲಿನಲ್ಲಿತ್ತು. ಈಗ ಕಾಲೇಜಿನ ಇಮೇಲಿನಲ್ಲಿ ತೆರೆಯಲು ಅಧ್ಯಾಪಕರು ಒಪ್ಪಬೇಕು, ಪಾಸ್‌ವರ್ಡ್ ಲೈಬ್ರರಿಯಲ್ಲಿರಬೇಕು. ಮಾರ್ಚ್‌ಗೆ ನಾವು ನಾಲ್ವರೂ ಹೊರಡುತ್ತೇವೆ. ಪ್ರಥಮ ಪಿಯುಸಿಯ ಇಬ್ಬರು ಬೇಕು. ಶುಕ್ರವಾರ ಜುಮಾ ಮುಗಿಸಿ ಲ್ಯಾಬ್‌ಗೆ ಬನ್ನಿ, ಯಾರ ಕಾರ್ಡನ್ನೂ ತರಬೇಡಿ.